ಒತ್ತಿದ್ದೀರಾ, ಇಲ್ವಾ?

ನಿಜ ಹೇಳಿ, ಎಷ್ಟು ಟ್ಯಾಬ್ ತೆರೆದಿಟ್ಟಿದ್ದೀರಿ? ಒಂದರಲ್ಲಿ 25 ಕೀಗಳ ಪುಟಾಣಿ ಮಿಡಿ ಕೀಬೋರ್ಡ್, ಇನ್ನೊಂದರಲ್ಲಿ 49, ಮತ್ತೊಂದರಲ್ಲಿ ಕೀಗಳ ಬದಲು ಉಬ್ಬುತಗ್ಗಿನ ಕಪ್ಪು ರಬ್ಬರ್ ಹಾಸು. ಜೊತೆಗೆ ಎಲ್ಲರೂ ಮಲಗಿದ ಮೇಲೆ ನೋಡೋ ರಿವ್ಯೂ ವಿಡಿಯೋಗಳು ಬೇರೆ. (ಇಷ್ಟರಲ್ಲಿ ಏನಾದ್ರೂ ನುಡಿಸಿದ್ರಾ ಅಂತ ನಾನು ಕೇಳಲ್ಲ. ಸಂಜೆ ಹೊತ್ತು ಜಗಳ ಯಾಕೆ?)

ನಿಮಗೆ ಬೇಕಾಗಿರೋದು ಆಫ್ಟರ್‌ಟಚ್, ಅಲ್ವಾ? ಕೀ ತಳ ಮುಟ್ಟಿ ಕೂತ ಮೇಲೂ ಬೆರಳನ್ನ ಇನ್ನಷ್ಟು ಊರಿದ್ರೆ ಫಿಲ್ಟರ್ ತೆರೀಬೇಕು, ಸ್ವರ ಅದುರಬೇಕು. ವೆಲಾಸಿಟಿ ಇದಲ್ಲ ಸ್ವಾಮಿ. ಅದು ಕೀ ಎಷ್ಟು ಬೇಗ ಇಳೀತು ಅನ್ನೋ ಲೆಕ್ಕ, ಹೊಡೆದ ಕ್ಷಣಕ್ಕೇ ಮುಗೀತು. ಮೊನ್ನೆ ‘ಪ್ರೆಶರ್ ಸೆನ್ಸಿಟಿವ್’ ಅಂತ ದಪ್ಪಕ್ಷರ ನೋಡಿದ್ದೇ ಕಾರ್ಟಿಗೆ ಹಾಕಿದ್ರಲ್ಲ, ಕೆಳಗಿನ ಸಣ್ಣಕ್ಷರ ಓದಿದ್ರಾ? ಅದು ಪಕ್ಕದಲ್ಲಿರೋ ಎಂಟು ಪ್ಯಾಡ್‌ಗಳ ಸಮಾಚಾರ. ಕೀಗಳ ಬಗ್ಗೆ ಚಕಾರ ಇಲ್ಲ.

ಸರಿ, ಕೀಗಳಿಗೇ ಆಫ್ಟರ್‌ಟಚ್ ಇದೆ ಅಂತ ಇಟ್ಕೊಳ್ಳಿ. ಯಾವುದು, ಚಾನೆಲ್ಲೋ ಪಾಲಿಯೋ? ಚಾನೆಲ್ ಆದ್ರೆ ಇಡೀ ಕೀಬೋರ್ಡಿಗೆ ಒಂದೇ ಒತ್ತಡ. ಕಾರ್ಡ್ ಹಿಡಿದು ಕಿರುಬೆರಳು ಒಂದನ್ನೇ ಊರಿದ್ರೂ ಮೂರೂ ಸ್ವರ ಒಟ್ಟಿಗೆ ಏಳುತ್ತವೆ, ಕೂಡುಕುಟುಂಬದಲ್ಲಿ ಒಬ್ಬರಿಗೆ ಅಂದ್ರೆ ಎಲ್ಲರೂ ಮುಖ ಊದಿಸಿಕೊಂಡ ಹಾಗೆ. ಪಾಲಿ ಆದ್ರೆ ಊರಿದ ಸ್ವರ ಮಾತ್ರ ಏಳುತ್ತೆ, ಉಳಿದವು ತಮ್ಮ ಪಾಡಿಗೆ ತಾವಿರುತ್ತವೆ.

1983ರಲ್ಲಿ ಮಿಡಿ (ಕೀಬೋರ್ಡು, ಸಿಂಥು, ಕಂಪ್ಯೂಟರು ತಮ್ಮತಮ್ಮಲ್ಲಿ ಮಾತಾಡೋ ಭಾಷೆ) ಬಂದಾಗಲೇ ಎರಡಕ್ಕೂ ಜಾಗ ಇತ್ತು, 0ಯಿಂದ 127ರವರೆಗೆ ಅಂಕಿಯೂ ಇತ್ತು. ಆದರೆ ಕೀಗೊಂದು ಸೆನ್ಸರ್ ಅಂದ್ರೆ ದುಡ್ಡು, ಹಾಗಾಗಿ ಬಹಳ ಕಂಪನಿಗಳು ಪಾಲಿ ಕಡೆ ತಲೆ ಹಾಕಲಿಲ್ಲ. ಮಿಡಿಗೂ ಮುಂಚೆ ಅದನ್ನ ಕೊಟ್ಟ ಯಂತ್ರ ಯಮಾಹಾ ಸಿಎಸ್-80. ‘ಬ್ಲೇಡ್ ರನ್ನರ್’ನಲ್ಲಿ (1982) ವ್ಯಾಂಜೆಲಿಸ್ ಸಂಗೀತ ಕೇಳಿದ್ದೀರಲ್ಲ, ಆ ನರಳೋ ದನಿ ಅದರದ್ದೇ. ಒಬ್ಬರು ಎತ್ತೋ ಸಾಮಾನಲ್ಲ ಅದು. ಈಗ ಸಿಎಂಇ ಎಕ್ಸ್‌ಕೀಯಂಥ ತೆಳ್ಳನೆ ಪಟ್ಟಿಯಲ್ಲೇ ಪಾಲಿ ಸಿಗುತ್ತೆ, ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಮೆಟ್ರೋ ಹತ್ತಬಹುದು.

ಅಷ್ಟಕ್ಕೇ ಬಿಡೋ ಆಸಾಮಿನಾ ನೀವು? ‘ಎಂಪಿಇನೇ ಬೇಕು’ ಅಂತೀರಿ. ಪ್ರತಿ ಸ್ವರಕ್ಕೂ ಒಂದೊಂದು ಚಾನೆಲ್ ಕೊಟ್ಟು, ಒತ್ತಡದ ಜೊತೆ ಜಾರು, ಬಾಗು ಎಲ್ಲ ಬೇರೆಬೇರೆಯಾಗಿ ಕಳಿಸೋ ಪದ್ಧತಿ ಅದು, 2018ರಲ್ಲಿ ಅಧಿಕೃತವಾಯ್ತು. ರೋಲಿ ಸೀಬೋರ್ಡ್, ಲಿನ್‌ಸ್ಟ್ರುಮೆಂಟ್, ಕೀಯನ್ನ ಅಕ್ಕಪಕ್ಕ ಅಲ್ಲಾಡಿಸಬಹುದಾದ ಆಸ್ಮೋಸ್ ಎಲ್ಲ ಇದೇ ಬಳಗ. ಬೆಲೆ ಕೇಳಿದ್ರೆ ನಿಮ್ಮ ಹತ್ತಿರ ಉತ್ತರ ರೆಡಿ: ‘ಗಮಕ ಬರುತ್ತೆ ಕಣ್ರೀ!’

ಉತ್ತರ ಏನೋ ಗಟ್ಟಿಯಾಗೇ ಇದೆ, ಒಪ್ಪಿದೆ. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರೋಕಾಗಲ್ಲ, ಎಗರಬೇಕು. ಅದೂ ಒಂದು ಕಾರಣ ಅಂತ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನ ಹೊರಗಿಟ್ಟಿತು, 1971ರವರೆಗೂ ಒಳಗೆ ಬಿಡಲಿಲ್ಲ. ನಮ್ಮ ನಾಟಕ ಕಂಪನಿಗಳ ಪೇಟಿ ಮಾಸ್ತರರು ತಲೆ ಕೆಡಿಸಿಕೊಳ್ಳದೆ ನುಡಿಸ್ತಾನೇ ಇದ್ರು, ಆ ಮಾತು ಬೇರೆ. ಆದರೆ ವೀಣೆಯಲ್ಲಿ ತಂತಿ ಎಳೆದು ಒಂದು ಗಾಂಧಾರ ತೂಗೋಕೆ ಎಷ್ಟು ಸಾಧನೆ ಬೇಕು ಅಂತ ನಿಮಗೂ ಗೊತ್ತು. ರಬ್ಬರ್ ಹಾಸಿಗೆ ಅದು ಬೇಡ ಅಂತ ಯಾರು ಹೇಳಿದ್ದು? ಸರಳೆ ವರಸೆ ಅರ್ಧಕ್ಕೆ ಬಿಟ್ಟವರು ನೀವು!

ಅದಿರಲಿ, ಬೆರಳು ಪಳಗಿದ್ರೂ ಒಂದು ಹಳ್ಳ ಕಾದಿರುತ್ತೆ. ಎಂಪಿಇಯಲ್ಲಿ ಸ್ವರದ ಬೆಂಡ್ ವ್ಯಾಪ್ತಿ ಸಾಮಾನ್ಯವಾಗಿ 48 ಸೆಮಿಟೋನ್. ನಿಮ್ಮ ಸಿಂಥ್‌ನಲ್ಲಿ 2 ಅಂತ ಕೂತಿದ್ರೆ, ನೀವು ಸ-ದಿಂದ ಪ-ಕ್ಕೆ ಭಾವಪೂರ್ಣವಾಗಿ ಕಣ್ಮುಚ್ಚಿ ಜಾರಿಸ್ತೀರಿ, ಸ ಅಲ್ಲೇ ಕೂತು ಒಂಚೂರು ಮಿಸುಕುತ್ತೆ. ಆಮೇಲೆ ‘ಪೀಸ್ ಡಿಫೆಕ್ಟು’ ಅಂತ ವಾಪಸ್ ಕಳಿಸೋಕೆ ಹೊರಡ್ತೀರಿ.

ಇಲ್ಲಿ ಸ್ವಲ್ಪ ಹತ್ತಿರ ಬನ್ನಿ, ಯಾರಿಗೂ ಹೇಳ್ಬೇಡಿ. ಕೀಬೋರ್ಡ್ ಒತ್ತಡದ ಸುದ್ದಿ ಕಳಿಸುತ್ತೆ ಅಷ್ಟೇ, ಸದ್ದು ಮಾಡೋದು ಸಾಫ್ಟ್‌ವೇರ್. ಪ್ಯಾಚ್‌ನಲ್ಲಿ ಆ ಸುದ್ದಿಯನ್ನ ಯಾವುದಕ್ಕೂ ಜೋಡಿಸಿಲ್ಲ ಅಂದ್ರೆ ನೀವು ಮೊಣಕೈ ಊರಿದ್ರೂ ಸಪ್ಪಳ ಬದಲಾಗಲ್ಲ. ವೈಟಲ್, ಸರ್ಜ್ ಎಕ್ಸ್‌ಟಿ ಅನ್ನೋ ಸಾಫ್ಟ್‌ವೇರ್ ಸಿಂಥ್‌ಗಳು ಎರಡೂ ಬಿಟ್ಟಿ ಸಿಗುತ್ತವೆ. ಸರ್ಜ್‌ನಲ್ಲಂತೂ ಚಾನೆಲ್ ಒತ್ತಡಕ್ಕೊಂದು, ಪಾಲಿಗೊಂದು ಬೇರೆಬೇರೆ ಬಟನ್. ಬೇಕಾದ್ದನ್ನ ಒತ್ತಿ, ಫಿಲ್ಟರ್ ಕಟಾಫ್‌ಗೆ ಕೊಂಡಿ ಹಾಕಿ. ಈ ಕೆಲಸಕ್ಕೆ ಹೊಸ ಕೀಬೋರ್ಡೂ ಬೇಡ, ಮೌಸ್ ಸಾಕು. (ಮುಖ ಯಾಕೆ ಸಣ್ಣಗಾಯ್ತು?)

ಅಂಗಡಿಗೇ ಹೋಗ್ತೀರಾ? ಹೋಗಿ, ಆದರೆ ಬರೋ ಒಂದೇ ಒಂದು ಟ್ಯೂನನ್ನ ಎಲ್ಲರಿಗೂ ಕೇಳೋ ಹಾಗೆ ಬಾರಿಸಿ ಬರಬೇಡಿ. ಲ್ಯಾಪ್‌ಟಾಪ್ ಹಚ್ಚಿ, ಕೀಬೋರ್ಡ್ ಕಳಿಸೋ ಅಂಕಿ ತೋರಿಸೋ ಮಿಡಿ ಮಾನಿಟರ್ ತೆರೆದು, ಒಂದೇ ಕೀಯನ್ನ ನಿಧಾನಕ್ಕೆ ಊರಿ. ಅಂಕಿ ಮೆಲ್ಲಗೆ ಹತ್ತಬೇಕು. 0 ಇದ್ದದ್ದು ಟಣ್ಣನೆ 127 ಆದ್ರೆ ಅದು ಆಫ್ಟರ್‌ಟಚ್ ಅಲ್ಲ, ಲೈಟ್ ಸ್ವಿಚ್ಚು. ಆಮೇಲೆ ಕಾರ್ಡ್ ಹಿಡಿದು ಒಂದು ಬೆರಳು ಮಾತ್ರ ಊರಿ, ಚಾನೆಲ್ಲೋ ಪಾಲಿಯೋ ಗೊತ್ತಾಗುತ್ತೆ. ಉಗುರು ಬೆಳ್ಳಗಾಗುವಷ್ಟು ಒತ್ತಬೇಕಾದ್ರೆ ಡಬ್ಬಿ ಅಲ್ಲೇ ಇಟ್ಟು ಬನ್ನಿ.

ಮನೆಯಲ್ಲಿ ಏನಂತ ಹೇಳಿದ್ದೀರಿ? ‘ಮಗಳಿಗೆ’ ಅಂತ ತಾನೇ? ಅವಳು ತಬಲಾ ಕ್ಲಾಸಿಗೆ ಹೋಗ್ತಿದ್ದಾಳೆ ಅನ್ನೋದು ಯಜಮಾನ್ತಿಯವರಿಗೆ ಗೊತ್ತಿಲ್ವಾ? ಬೇರೆ ಏನಾದ್ರೂ ಯೋಚನೆ ಮಾಡಿ, ಬೇಗ. ಯಾಕಂದ್ರೆ ಸಸ್ಟೈನ್ ಪೆಡಲ್ ಬಹಳ ಡಬ್ಬಿಗಳಲ್ಲಿ ಇರಲ್ಲ, ಅದಕ್ಕೆ ಬೇರೆ ಆರ್ಡರ್ ಹಾಕ್ಬೇಕು.