ಮಾಳಿಗೆ ಮಾವ

ರಾಯದುರ್ಗದ ನಮ್ಮ ಸೋದರಮಾವನಿಗೆ ಮೇಸ್ತ್ರಿಗಳನ್ನು ಕಂಡರಾಗದು. "ಅವನು ಮಾಡೋದನ್ನ ನಾನೇ ಮಾಡಿದ್ರೆ ಕೂಲಿ ಉಳೀತಲ್ಲ" ಎಂಬ ಲೆಕ್ಕ. ಇಂಥವರು ನಮ್ಮ ಕಡೆ ಬೀದಿಗೊಬ್ಬರು ಸಿಗುತ್ತಾರೆ. ಕೈಯಲ್ಲಿ ಪಿಂಚಣಿ, ತಲೆಮೇಲೆ ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ, ಗೋಡೆಗೆ ಒರಗಿಸಿದ ಪಕ್ಕದ ಮನೆಯವರ ಏಣಿ.

ಆ ಮನೆ ಕಟ್ಟಿದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮದ್ರಾಸು ಹೋಗಿ ಆಂಧ್ರ ಬಂತು, ಬಳ್ಳಾರಿ ಹೋಗಿ ಅನಂತಪುರ ಬಂತು. ನಡುಮನೆಯಲ್ಲಿ ಸೋರುವ ಜಾಗ ಮಾತ್ರ ಕದಲಲಿಲ್ಲ. ಅತ್ತೆಯ ತವರು ಮಡಕಶಿರಾ. ಆ ಮನೆಯೂ 2022ರಲ್ಲಿ ನಿಂತಲ್ಲೇ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. "ಎಲ್ಲಿಗಾದ್ರೂ ಹೋಗ್ಲಿ, ಸೋರಲ್ಲ. ನಮ್ಮಪ್ಪ ಚೌಳುಮಣ್ಣು ಹಾಕ್ಸಿದ್ದ" ಎಂದು ಅತ್ತೆ ಚುಚ್ಚುತ್ತಾಳೆ.

ಚುಚ್ಚಿದರೂ ಮಾತು ಸರಿ. ತೊಲೆ, ಜಂತೆ, ಬಂದರೆ ಗಿಡದ ಸೊಪ್ಪು, ಮಣ್ಣು, ಎಲ್ಲದರ ಮೇಲೆ ಚೌಳು. ನೀರು ಬಿದ್ದರೆ ಅದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮಾವ ಸಿಮೆಂಟು ಬಳಿದ. ಬಿಸಿಲಿಗೆ ಕೆಳಗಿನ ಮರ, ಮಣ್ಣು ಅಲುಗಿದವು. ಅಲುಗಲು ಗೊತ್ತಿಲ್ಲದ ಸಿಮೆಂಟು ಸೀಳಿತು. ಬಿರುಕಿಗೆ ಟಾರು, ಟಾರಿನ ಮೇಲೆ ಹಳೇ ಸಿನಿಮಾ ಫ್ಲೆಕ್ಸು. ಈಗ ತೆಲುಗು ಹೀರೊ ಒಬ್ಬ ನಮ್ಮ ಮಾಳಿಗೆ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಾನೆ. ಅಂಗಡಿಯಲ್ಲಿ ಮೊಳೆ ಕೇಳುವುದಕ್ಕೂ ಮಾವನಿಗೆ ತೆಲುಗೇ. ಸುತ್ತಿಗೆ ಹೆಬ್ಬೆರಳಿಗೆ ಬಿದ್ದಾಗ ಮಾತ್ರ ಅಚ್ಚ ಕನ್ನಡ.

ಈ ತೇಪೆಗಳಿಗಿಂತ ದೊಡ್ಡ ಪೇಚೆಂದರೆ, ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆಯ ಸೀಮೆಯಿದು. ರಿಪೇರಿ ನಿಂತಿತೋ ಇಲ್ಲವೋ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ಅಷ್ಟು ದಿನವೂ ಮಾವ ಗೆದ್ದವನೇ. ಹೋದ ಬೇಸಿಗೆಯಲ್ಲಿ ತಡೆಯಲಾರದೆ ನಾಲ್ಕು ಬಿಂದಿಗೆ ನೀರು ಮೇಲೆ ಹೊತ್ತು ತಾನೇ ಸುರಿದ. ಇಳಿದು ಓಡಿಬಂದು ನೋಡಿದರೆ ನಡುಮನೆ ಒಣಗಿತ್ತು. "ನೋಡೇ!" ಎಂದು ಮೀಸೆ ತೀಡುವಷ್ಟರಲ್ಲಿ ನೀರು ಜಂತೆಗುಂಟ ಸಾವಕಾಶವಾಗಿ ನಡೆದು ದೇವರ ಕೋಣೆಯಲ್ಲಿ ಇಳಿಯಿತು.

"ದೇವ್ರಿಗೆ ಅಭಿಷೇಕ ಆಯ್ತು. ನಿಮ್ಮ ಸ್ನಾನಕ್ಕೆ ನೀರಿಲ್ಲ" ಎಂದಳು ಅತ್ತೆ.

ಮೊನ್ನೆ ಪಕ್ಕದ ಮನೆಯಾತ ಏಣಿ ಕೇಳಲು ಬಂದಿದ್ದ. ಮೇಲಿಂದ ಮೂರನೇ ಮೆಟ್ಟಿಲು ಮುರಿದಿತ್ತು. ಮಾವ ಅವನ ಭುಜ ತಟ್ಟಿ, "ಇಲ್ಲೇ ಬಿಟ್ಟು ಹೋಗಪ್ಪ, ನಾನೇ ರಿಪೇರಿ ಮಾಡಿ ಕೊಡ್ತೀನಿ" ಅಂದ. ಆತ ಮಾತಾಡದೆ ಮುರಿದ ಏಣಿಯನ್ನೇ ಹೆಗಲಿಗೇರಿಸಿ ಬಿರಬಿರನೆ ನಡೆದ.