ಸಾಸ್ವೆಹಳ್ಳಿಯ ಏತಮಂತ್ರ

ದೇವರ ನಾಮ ಬಿಟ್ಟರೆ ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಜಪವಾಗಿರುವುದು ‘ಸಾಸ್ವೆಹಳ್ಳಿ ಏತ ನೀರಾವರಿ’. ತುಂಗಭದ್ರೆಯ ನೀರನ್ನೆತ್ತಿ ಚನ್ನಗಿರಿ ಕಡೆಯ ಕೆರೆ ತುಂಬಿಸುವ ಯೋಜನೆಗೆ ಹೊನ್ನಾಳಿ ತಾಲ್ಲೂಕಿನ ಈ ಹೋಬಳಿಯ ಹೆಸರಿಟ್ಟವರು ಮಂತ್ರಶಾಸ್ತ್ರ ಓದಿದವರೇ ಇರಬೇಕು. ಬೆರಳು ಮಡಿಸಿ ಎಣಿಸಿ ನೋಡಿ: ಸಾ, ಸ್ವೆ, ಹ, ಳ್ಳಿ, ಏ, ತ, ನೀ, ರಾ, ವ, ರಿ. ಹತ್ತು. ಸಾಕ್ಷಾತ್ ದಶಾಕ್ಷರಿ!

ದಶಾಕ್ಷರಿ ಅಂದಮೇಲೆ ತಂತ್ರಶಾಸ್ತ್ರದ ಲೆಕ್ಕಕ್ಕೆ ಒಳಪಡಲೇಬೇಕು. ಗುರುವಿನಿಂದ ಉಪದೇಶ ಪಡೆದ ಮಾತ್ರಕ್ಕೆ ಮಂತ್ರ ಫಲ ಕೊಡುವುದಿಲ್ಲ, ಪುರಶ್ಚರಣೆಯಾಗಬೇಕು. ರೂಢಿಯ ಲೆಕ್ಕ ಅಕ್ಷರಕ್ಕೊಂದು ಲಕ್ಷ, ಅಂದರೆ ಹತ್ತು ಲಕ್ಷ ಜಪ. ಅದರ ಹತ್ತನೇ ಒಂದು ಪಾಲು ಹೋಮ, ಹೋಮದ ಹತ್ತನೇ ಒಂದು ತರ್ಪಣ, ಅದರ ಹತ್ತನೇ ಒಂದು ಮಾರ್ಜನ, ಅದರ ಹತ್ತನೇ ಒಂದು ಭೋಜನ. ನೂರು ಎಲೆಯಲ್ಲಿ ಮುಗಿಯುತ್ತದೆ. ಕಲಿಯುಗದಲ್ಲಿ ಸಂಖ್ಯೆ ನಾಲ್ಕು ಪಟ್ಟು ಎನ್ನುವ ಮಾತೂ ಉಂಟು. ಬೆಲೆಯೇರಿಕೆ ದೇವರನ್ನೂ ಬಿಟ್ಟಿಲ್ಲ ನೋಡಿ. ದಿನಕ್ಕೆ ಹತ್ತು ಮಾಲೆ, 1,080 ಜಪದಂತೆ ಕೂತರೆ ನಲವತ್ತು ಲಕ್ಷಕ್ಕೆ ಹತ್ತು ವರ್ಷದ ಮೇಲೆ ಒಂದು ತಿಂಗಳು ಚಿಲ್ಲರೆ. ಎರಡು ವಿಧಾನಸಭೆಗಳ ಆಯುಸ್ಸು! ಕಾಮಗಾರಿ ತಡವಾಯಿತೆಂದು ರೇಗುವ ರೈತರು ಶಾಸ್ತ್ರ ಓದಿಲ್ಲ, ಅಷ್ಟೆ.

ಆದರೆ ಒಂದು ತೊಡಕಿದೆ. ಜಪದಲ್ಲಿ ಮೂರು ದರ್ಜೆ. ಪಕ್ಕದವನಿಗೆ ಕೇಳುವಂತೆ ಹೇಳಿದರೆ ವಾಚಿಕ, ತುಟಿ ಮಾತ್ರ ಆಡಿದರೆ ಉಪಾಂಶು, ಅದೂ ಇಲ್ಲದಿದ್ದರೆ ಮಾನಸ. ಮನುಸ್ಮೃತಿಯ ಪ್ರಕಾರ ಯಜ್ಞಕ್ಕಿಂತ ಜಪ ಹತ್ತು ಪಟ್ಟು ಮೇಲು, ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು. ಸದ್ದು ಇಳಿದಷ್ಟೂ ಬೆಲೆ ಏರುತ್ತದೆ. ಮೈಕು ಕಟ್ಟಿ, ನಾಲ್ಕು ದಿಕ್ಕಿಗೆ ಹಾರ್ನ್ ತಿರುಗಿಸಿ ಜಪಿಸಿದ್ದನ್ನು ಯಾವ ದರ್ಜೆಗೆ ಸೇರಿಸಬೇಕೆಂದು ಪ್ರಾಚೀನರು ಬರೆದಿಟ್ಟಿಲ್ಲ. ನಮ್ಮ ಹಿರಿಯರು ಬರೆಯದೆಯೇ ಹೇಳಿದ್ದಾರೆ: ಮಂತ್ರಕ್ಕಿಂತ ಉಗುಳು ಜಾಸ್ತಿ.

ಅಷ್ಟಕ್ಕೂ ತಾಂತ್ರಿಕನ ಜಪ ದೇವರಿಗೆ ಕೊಡುವ ಅರ್ಜಿಯಲ್ಲ. ಅವನ ಪಾಲಿಗೆ ಮಂತ್ರವೇ ದೇವತೆ, ಸದ್ದಿನ ಮೈ ಹೊತ್ತದ್ದು. ಅದಕ್ಕೇ ನ್ಯಾಸ ಮಾಡುತ್ತಾನೆ: ಎದೆ, ತಲೆ, ಶಿಖೆ, ಕಣ್ಣು ಎಂದು ಮುಟ್ಟಿ ಮುಟ್ಟಿ ಮಂತ್ರವನ್ನು ತನ್ನ ದೇಹದಲ್ಲೇ ಕೂರಿಸುತ್ತಾನೆ. ತಾನು ದೇವತೆಯಾಗದೆ ದೇವತೆಯನ್ನು ಪೂಜಿಸುವ ಹಕ್ಕಿಲ್ಲ ಎಂಬುದು ಅಲ್ಲಿಯ ಕಾನೂನು. ಬದಲಾಗಬೇಕಾದವನು ಜಪಿಸುವವನೇ, ಕೇಳುವವನಲ್ಲ. ಇಷ್ಟು ಕಷ್ಟ ಯಾರಿಗೆ ಬೇಕು? ಹಾಗಾಗಿ ನಾವು ಷಟ್ಕರ್ಮದಿಂದ ಒಂದನ್ನು ಆರಿಸಿಕೊಂಡೆವು. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಆರರಲ್ಲಿ ವಶ್ಯವೊಂದೇ ಕರೆಂಟು ಕಂಬಕ್ಕೆ ಅಂಟಿದೆ: ಸ್ತ್ರೀ-ಪುರುಷ ವಶೀಕರಣ, ಫೋನಿನಲ್ಲೇ ಪರಿಹಾರ. ಪುರಶ್ಚರಣೆಯ ವರ್ಷಗಳನ್ನು ಗಂಟೆಗಿಳಿಸಿದ ಈ ಮಹಾನುಭಾವರ ಕೈಗೆ ನೀರಾವರಿ ಇಲಾಖೆಯನ್ನಾದರೂ ಕೊಡಬಾರದೆ! ವಾಮಾಚಾರ ತಡೆಗೆ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು, ಜಾರಿಯಾದದ್ದು 2020ರಲ್ಲಿ. ಆ ಎರಡು ವರ್ಷ ಕಾಯ್ದೆಗೇ ಯಾರೋ ಸ್ತಂಭನ ಮಾಡಿದ್ದರೇನೋ.

ನನಗೆ ತುಂಬ ಹಿಡಿಸಿದ್ದು ಶಾರದಾತಿಲಕವೆಂಬ ತಂತ್ರಗ್ರಂಥದ ದೋಷಪಟ್ಟಿ. ಕೆಟ್ಟ ಮಂತ್ರಗಳನ್ನು ಈ ಗ್ರಂಥ ಒಂದೊಂದಾಗಿ ಹೆಸರಿಸುತ್ತದೆ: ಛಿನ್ನ, ರುದ್ಧ, ಬಧಿರ, ಕೀಲಿತ, ಸ್ತಂಭಿತ, ದಗ್ಧ, ಭೀತ, ಮಲಿನ, ಸುಷುಪ್ತ, ಮೂರ್ಛಿತ, ವೃದ್ಧ... ಪಟ್ಟಿ ಇನ್ನೂ ಬೆಳೆಯುತ್ತದೆ. ತಾಲ್ಲೂಕು ಕಚೇರಿಯ ಕಡತಗಳನ್ನು ಇಷ್ಟು ನಿಖರವಾಗಿ ವಿಂಗಡಿಸಿದ ಗ್ರಂಥ ಇನ್ನೊಂದಿಲ್ಲ. ಭೂಸ್ವಾಧೀನದ ಕಡತ ರುದ್ಧ. ಪರಿಹಾರದ ಅರ್ಜಿ ಬಧಿರ. ರೆಕಾರ್ಡ್ ರೂಮಿಗೆ ಬೆಂಕಿ ಬಿದ್ದಿದ್ದರೆ ದಗ್ಧ. ಸಹಿಗೆ ಹೋದದ್ದು ಭೀತ, ಸಹಿಯಾಗದೆ ಬಂದದ್ದು ಮೂರ್ಛಿತ. ದೋಷಕ್ಕೆ ಮದ್ದೂ ಅಲ್ಲೇ ಇದೆ, ಹತ್ತು ಸಂಸ್ಕಾರಗಳು. ಅದರಲ್ಲಿ ತಾಡನ ಒಂದು: ಮಂತ್ರದ ಅಕ್ಷರಗಳನ್ನು ಬರೆದು ಚಂದನದ ನೀರಿನಿಂದ ಹೊಡೆಯುವುದು. ತಾಡನವಾದ ಮೇಲೆ ಬೋಧನ, ಅಂದರೆ ಎಬ್ಬಿಸುವುದು. ಹೊಡೆಯದೆ ಏಳುವುದಿಲ್ಲ ಎನ್ನುವುದು ತಾಂತ್ರಿಕರಿಗೂ ಗೊತ್ತಿತ್ತು. ನಮ್ಮ ರೈತರು ರಸ್ತೆ ತಡೆ ಮಾಡಿದರೆ ಮಾತ್ರ ಅದು ಅಶಾಂತಿ.

ತಂತ್ರಾಗಮ ನಮಗೆ ಹೊರಗಿನದೇನಲ್ಲ. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯಮಠವಿತ್ತು. 1162ರ ಶಾಸನ ಅಲ್ಲಿ ವೇದ, ಲಾಕುಳ ಸಿದ್ಧಾಂತ, ಯೋಗಶಾಸ್ತ್ರ ಓದಿಸುತ್ತಿದ್ದುದನ್ನೂ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಕೊಂಡಾಡುತ್ತದೆ. ಯೋಜನೆ, ಅನುಷ್ಠಾನ, ಊಟ, ಆಸ್ಪತ್ರೆ ಎಲ್ಲ ಒಂದೇ ಅಂಗಳದಲ್ಲಿ. ಡಿಪಿಆರ್ ಮಾಡಿಸಿದ ಉಲ್ಲೇಖವಿಲ್ಲ.

ಸಂಖ್ಯೆಯೇ ಮಂತ್ರವಾದದ್ದನ್ನು ನೋಡಬೇಕಾದರೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ವ್ಯಾಪ್ತಿಯ ಜಗಳೂರಿಗೆ ಹೋಗಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಎಂದು ಸಂಕಲ್ಪವಾಯಿತು. ಅಂದಿನಿಂದ ಬೆಂಗಳೂರು ‘ಕೊಡಲಿಲ್ಲ’ ಎಂದು ವಾಚಿಕ ಜಪ ಮಾಡಿತು, ದೆಹಲಿ ಮಾನಸ ಜಪದಲ್ಲಿ ಕೂತಿತು. ಮಾನಸಕ್ಕೆ ಸಾವಿರ ಪಟ್ಟು ಫಲವೆಂದ ಮೇಲೆ ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಪುರಶ್ಚರಣೆಯ ಐದು ಅಂಗಗಳ ಪೈಕಿ ಜಪ ಎಲ್ಲ ಪಕ್ಷದವರಿಂದಲೂ ಧಾರಾಳವಾಗಿ ಆಗಿದೆ. ಹೋಮಕ್ಕೆ ನಮ್ಮ ತೆರಿಗೆ ಇದೆ. ತರ್ಪಣ, ಮಾರ್ಜನ ಎರಡಕ್ಕೂ ನೀರು ಬೇಕು, ಅದನ್ನು ಸದ್ಯಕ್ಕೆ ಬಿಡಿ. ಉಳಿದದ್ದು ಭೋಜನ. ಅದರಲ್ಲಿ ಮಾತ್ರ ಲೋಪವಾಗಿಲ್ಲ: ಗುದ್ದಲಿ ಪೂಜೆಗೊಂದು ಪಂಕ್ತಿ, ಪರಿಶೀಲನೆಗೊಂದು ಪಂಕ್ತಿ, ಮರುಚಾಲನೆಗೊಂದು ಪಂಕ್ತಿ. ಶಾಸ್ತ್ರ ಹೇಳಿದ್ದು ನೂರು ಎಲೆ. ಅಡುಗೆಯವರನ್ನು ಕೇಳಿದರೆ ಎಂದೂ ನೂರಕ್ಕೆ ನಿಂತಿದ್ದಿಲ್ಲ ಅನ್ನುತ್ತಾರೆ.