ನಿನ್ನೆ ಇಲ್ಲೇ ಇತ್ತು ಸಾರ್!

ಫೆಬ್ರವರಿ ಕಳೆಯುತ್ತಿದ್ದಂತೆ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರನಿಗೆ ಕತ್ತು ನೋವು ಶುರುವಾಗುತ್ತದೆ. ಹೊತ್ತಿಲ್ಲದ ಹೊತ್ತಿನಲ್ಲಿ ಆಕಾಶ ನೋಡುತ್ತಿದ್ದರೆ ಇನ್ನೇನಾದೀತು? ರೋಬಸ್ಟಾಕ್ಕೆ ಹೂಮಳೆ ಬೇಕು. ಒಂದಿಂಚು ಸುರಿದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಘಮ್ಮೆನ್ನುತ್ತದೆ. ಅರೆಬರೆ ಹನಿದು ಹೋದರೆ ಮೊಗ್ಗು ಕೆಟ್ಟು ವರ್ಷದ ಲೆಕ್ಕವೇ ಏರುಪೇರು. ಆ ತಿಂಗಳು ಸಂತೆಯಲ್ಲಿ ಎದುರಾದವರು ಹೆಂಡತಿ ಮಕ್ಕಳ ಕ್ಷೇಮ ಕೇಳುವುದಿಲ್ಲ, “ನಿಮ್ಕಡೆ ಎಷ್ಟು ಸೆಂಟ್ಸ್ ಮಳೆ ಬಿತ್ತು ಗೌಡ್ರೇ?” ಅನ್ನುತ್ತಾರೆ. ತೊಡಕು ಏನೆಂದರೆ, ಗೌಡರು ಈಗ ಹೋಂಸ್ಟೇ ಕೂಡ ಇಟ್ಟಿದ್ದಾರೆ. ಶನಿವಾರ ರಾತ್ರಿ ಮಳೆ ಹೊಡೆದರೆ ಕ್ಯಾಂಪ್‌ಫೈರ್ ಆರುತ್ತದೆ, ಜೀಪು ಕೆಸರಲ್ಲಿ ಕೂರುತ್ತದೆ, ಬೆಂಗಳೂರಿನ ಅತಿಥಿ ಮುಖ ಊದಿಸಿಕೊಂಡು ಒಂದೇ ಸ್ಟಾರ್ ಒತ್ತಿ ಹೋಗುತ್ತಾನೆ. ಮಳೆದೇವರೆಂದೇ ಹೆಸರಾದ ಕಿಗ್ಗದ ಋಷ್ಯಶೃಂಗನಿಗೆ ಹೀಗಾಗಿ ಈಚೆಗೆ ಸಲ್ಲುತ್ತಿರುವ ಪ್ರಾರ್ಥನೆಯ ಒಕ್ಕಣೆ ಸ್ವಲ್ಪ ಬದಲಾಗಿದೆ: ಮಳೆ ಬರಲಿ ಸ್ವಾಮಿ, ಸೋಮವಾರದಿಂದ ಗುರುವಾರದೊಳಗೆ. ಇಡೀ ಅಂಗರಾಜ್ಯಕ್ಕೆ ಮಳೆ ತಂದ ಮುನಿಗೂ ಇಂಥ ಟೈಮ್‌ಟೇಬಲ್ ಹಿಂದೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಈ ಕಾಲದಲ್ಲಿ ಕಾಫಿಗಿಂತ ಚೆನ್ನಾಗಿ ಬಿಕರಿಯಾಗುವ ಫಸಲು ಒಂದಿದೆ. ಅದರ ಹೆಸರು ವನ್ಯಜೀವಿ ದರ್ಶನ. ಎಲೆ ಉದುರಿ ಕಾಡು ತೆಳುವಾಗಿರುತ್ತದೆ, ಹಳ್ಳಕೊಳ್ಳ ಬತ್ತಿ ಪ್ರಾಣಿಗಳು ನೀರಿಗೆ ಬರುತ್ತವೆ, ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಮೂರೂ ಕೂಡಿ ಬಂದದ್ದೇ ತಡ, ಎರಡು ರಾತ್ರಿ ಮೂರು ಹಗಲಿನ ಪ್ಯಾಕೇಜು ಸಿದ್ಧ: ಒಂದು ಬೆಟ್ಟ, ಒಂದು ಸಫಾರಿ, ಒಂದು ಜೀಪ್ ಸವಾರಿ, ಊಟ ಅನ್‌ಲಿಮಿಟೆಡ್. ಮುಖ್ಯರಸ್ತೆಯ ಬೋರ್ಡಿನಲ್ಲಿ ಹುಲಿ ಬಾಯಿ ತೆರೆದು ನಿಂತಿರುತ್ತದೆ. ಆ ಹುಲಿ ಯಾವ ರಾಜ್ಯದ್ದೆಂದು ಕೇಳಬಾರದು.

ಬೆಟ್ಟದ ವಿಷಯ ಬೇಗ ಮುಗಿಸೋಣ, ಅಲ್ಲಿ ನೋಡಲು ಹೆಚ್ಚೇನೂ ಉಳಿದಿಲ್ಲ. ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ಬುಕಿಂಗ್ ಬಂತು. ಬೆಳಿಗ್ಗೆ 600 ವಾಹನ, ಮಧ್ಯಾಹ್ನ 600. ನಿರ್ಬಂಧಿಸಿದ ಮೇಲಿನ ಸಂಖ್ಯೆ ಇದು ಎಂಬುದನ್ನು ದಯವಿಟ್ಟು ಗಮನಿಸಬೇಕು. ಹುಲಿಯನ್ನು ನಾಲ್ಕು ವರ್ಷಕ್ಕೊಮ್ಮೆ ಎಣಿಸುವ ನಾಡಿನಲ್ಲಿ ಕಾರನ್ನು ದಿನಕ್ಕೆರಡು ಸಲ ಎಣಿಸಬೇಕಾಗಿದೆ. ಯಾವುದರ ಸಂತತಿ ವೃದ್ಧಿಸುತ್ತಿದೆ ಎಂದು ತಿಳಿಯಲು ತಜ್ಞರು ಬೇಕಿಲ್ಲ.

ಸಫಾರಿ ಮಾತ್ರ ವಿವರವಾಗಿ ಹೇಳಬೇಕಾದ ಕಲೆ. ಭದ್ರಾ ಅಭಯಾರಣ್ಯಕ್ಕೆ ಮುತ್ತೋಡಿ ಕಡೆಯಿಂದಲೂ ಹೋಗಬಹುದು, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಕಡೆಯಿಂದಲೂ ಹೋಗಬಹುದು. ಎಲ್ಲಿಂದ ಹೋದರೂ ಜೀಪಿನಲ್ಲಿ ನಡೆಯುವ ನಾಟಕ ಒಂದೇ. ಮೊದಲ ಹತ್ತು ನಿಮಿಷಕ್ಕೆ ಜಿಂಕೆ ಸಿಗುತ್ತದೆ. ಎಲ್ಲರೂ ಫೋಟೊ ತೆಗೆಯುತ್ತಾರೆ. ಇಪ್ಪತ್ತನೆಯ ನಿಮಿಷಕ್ಕೆ ಮತ್ತೆ ಜಿಂಕೆ. ಈಗ ಯಾರೂ ತೆಗೆಯುವುದಿಲ್ಲ. ಆಮೇಲೆ ಕಾಟಿ. ಟನ್ನಿನ ಹತ್ತಿರ ತೂಗುವ, ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ಹಾಕಿದಂತಿರುವ ಆ ಪ್ರಾಣಿ ರಸ್ತೆಗೆ ಬಂದು ನಿಂತು ನೋಡಿದರೆ ಹಿಂದಿನ ಸೀಟಿನಿಂದ, “ಇದು ಎಮ್ಮೆ ಅಲ್ವಾ?” ಎಂಬ ದನಿ ಬರುತ್ತದೆ. ಅಲ್ಲಿಂದಾಚೆಗೆ ಗೈಡಿನ ಪ್ರತಿಭೆ ಕೆಲಸ ಮಾಡಬೇಕು.

ಅವನು ಜೀಪು ನಿಲ್ಲಿಸಿ ನೆಲ ತೋರಿಸುತ್ತಾನೆ. “ಹೆಜ್ಜೆ ನೋಡಿ ಸಾರ್, ಫ್ರೆಶ್.” ಧೂಳಿನಲ್ಲಿ ಏನೋ ಇರುತ್ತದೆ, ಹನ್ನೆರಡು ಮೊಬೈಲುಗಳು ಧೂಳಿನ ಚಿತ್ರ ತೆಗೆಯುತ್ತವೆ. ಇನ್ನೊಂದು ತಿರುವಿನಲ್ಲಿ ಇಂಜಿನ್ ಆಫ್ ಮಾಡಿ ಬೆರಳು ತುಟಿಗಿಡುತ್ತಾನೆ. “ಕಾಲ್ ಬರ್ತಾ ಇದೆ.” ದೂರದಲ್ಲಿ ಮುಸುವ ಖೊಕ್ಕೆಂದಿದ್ದು ನಿಜವೇ ಇರುತ್ತದೆ. ಅದು ಹುಲಿ ಕಂಡು ಕೂಗಿತೋ ಜೀಪು ಕಂಡು ಕೂಗಿತೋ ಎಂದು ಮುಸುವವನ್ನೇ ಕೇಳಬೇಕು. ಐದು ನಿಮಿಷದ ಮೌನದಲ್ಲಿ ಯಾರದೋ ಜೇಬಿನಿಂದ ಸಿನಿಮಾ ಹಾಡು ಹೊರಡುತ್ತದೆ. ಆಗ ಗೈಡು ನಿಟ್ಟುಸಿರಿಟ್ಟು, ಈ ದಂಧೆಯ ಮೂಲಮಂತ್ರವನ್ನು ಉಚ್ಚರಿಸುತ್ತಾನೆ: “ನಿನ್ನೆ ಇಲ್ಲೇ ಇತ್ತು ಸಾರ್. ಇದೇ ಜಾಗ. ಮುಕ್ಕಾಲು ಗಂಟೆ ಕೂತಿತ್ತು.”

ನಿನ್ನೆಯ ಹುಲಿಯನ್ನು ಮೀರಿಸುವ ಹುಲಿ ಭೂಮಿಯ ಮೇಲಿಲ್ಲ. ಅದು ಯಾವತ್ತೂ ದಾರಿ ಮಧ್ಯದಲ್ಲೇ ಕೂರುತ್ತದೆ, ಬೆಳಕು ಮುಖದ ಮೇಲೇ ಬೀಳುತ್ತದೆ, ಜೊತೆಗೆ ಮರಿಗಳೂ ಇರುತ್ತವೆ. ನಿನ್ನೆ ಬಂದವರಿಗೆ ಮೊನ್ನೆಯದನ್ನು ಹೇಳಿದ್ದರು ಎಂಬುದು ಇಂದಿನವರಿಗೆ ಗೊತ್ತಾಗುವುದಿಲ್ಲ. ಹಾಗೆಂದು ಗೈಡನ್ನು ಬೈಯುವುದು ತಪ್ಪು. ಐದು ಗ್ಯಾರಂಟಿ ಕೊಟ್ಟ ಸರಕಾರವೂ ಹುಲಿ ತೋರಿಸುವ ಆರನೆಯದಕ್ಕೆ ಕೈ ಹಾಕಿಲ್ಲ. ಕೆಳಗಿಳಿದ ಕೂಡಲೇ, “ಕಾಣಲಿಲ್ಲ, ಅರ್ಧ ದುಡ್ಡು ವಾಪಸ್ ಕೊಡ್ತೀರಾ?” ಎಂದು ಕೇಳುವ ಗಿರಾಕಿಯನ್ನು ನಿಭಾಯಿಸಬೇಕಾದವನು ಅವನೇ.

ಮುತ್ತೋಡಿ ಕಾಡಿನಲ್ಲಿ ಜಾಗರ ದೈತ್ಯ ಎಂಬ ತೇಗದ ಮರವಿದೆ. ಮುನ್ನೂರು ವರ್ಷ ದಾಟಿದೆ ಎನ್ನುತ್ತಾರೆ. ಇಬ್ಬರು ಕೈ ಕೈ ಹಿಡಿದರೂ ಸುತ್ತಳತೆ ಸಿಗಲಿಕ್ಕಿಲ್ಲ. ಇಡೀ ಅಭಯಾರಣ್ಯದಲ್ಲಿ ಓಡಿಹೋಗದೆ, ಹೊತ್ತು ಗೊತ್ತು ನೋಡದೆ ದರ್ಶನ ಕೊಡುವ ಏಕೈಕ ಜೀವಿ ಅದು. ಅದಕ್ಕೇ ಅದನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು ಸಂಗತಿಯನ್ನು ಜೀಪಿನಲ್ಲಿ ಹೇಳುವುದಿಲ್ಲ. ಭದ್ರಾ 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಆಮೇಲಿನ ಕೆಲವೇ ವರ್ಷಗಳಲ್ಲಿ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ಮನೆ, ದೈವದ ಬನ ಎಲ್ಲ ಬಿಟ್ಟು ಹೊರಗೆ ಬಂದವು. ಬದಲಿಗೆ ಜಮೀನು ಸಿಕ್ಕಿತು, ಶಾಲೆ-ಆಸ್ಪತ್ರೆ ಹತ್ತಿರವಾಯಿತು, ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಇದು ಮಾದರಿ ಎಂದು ಹೊಗಳಿಸಿಕೊಂಡಿತು. ಹೊಗಳಿಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮನುಷ್ಯರ ಗದ್ದಲ ತಪ್ಪಲಿ, ಪ್ರಾಣಿಗಳು ನೆಮ್ಮದಿಯಾಗಿರಲಿ ಎಂಬುದು ಉದ್ದೇಶ. ಸರಿ. ಈಗ ಆ ಹಳೆಯ ಗದ್ದೆಬಯಲುಗಳು ಹುಲ್ಲುಗಾವಲಾಗಿವೆ, ಜಿಂಕೆ ಮೇಯುತ್ತವೆ, ಬೆಳಿಗ್ಗೆ ಸಂಜೆ ಜೀಪು ನಿಲ್ಲುತ್ತದೆ. ಅಲ್ಲಿ ಹುಟ್ಟಿದವನು ತನ್ನ ಅಂಗಳವನ್ನು ನೋಡಬೇಕೆಂದರೆ ಟಿಕೆಟ್ ತೆಗೆದು, ಗೈಡನ್ನು ಕೂರಿಸಿಕೊಂಡು, “ಇಲ್ಲಿ ಇಳಿಯಬಾರದು ಸಾರ್” ಎನ್ನಿಸಿಕೊಳ್ಳಬೇಕು.

ಲಕ್ಕವಳ್ಳಿಯಲ್ಲಿ ದೋಣಿ ಸಫಾರಿಯೂ ಉಂಟು. ನಿಜವಾದ ವಸಂತ ನಡೆಯುವುದು ಅಲ್ಲಿ. ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರು ದಾಟಿ ಬಂದ ಭದ್ರೆಯನ್ನು ಅಣೆಕಟ್ಟು ತಡೆದು ನಿಲ್ಲಿಸಿದೆ. ಮಳೆಗಾಲ ಮುಗಿದಾಗ 186 ಅಡಿ ತುಂಬಿ ತುಳುಕುವ ಹಿನ್ನೀರು, ಬೇಸಿಗೆ ಬೆಳೆಗೆ ನಾಲೆಯಲ್ಲಿ ಹರಿದಂತೆಲ್ಲ ಇಳಿಯುತ್ತದೆ. ಮುಳುಗಿದ್ದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೇಲೆದ್ದು ದ್ವೀಪಗಳಾಗುತ್ತವೆ. ಮರವಿಲ್ಲ, ನೆರಳಿಲ್ಲ, ಬರೀ ಕಲ್ಲು ಮತ್ತು ಒಣ ಮಣ್ಣು. ಆ ಕಾದ ನೆಲದ ಮೇಲೆ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಸಾವಿರಗಟ್ಟಲೆ ಬಂದು ಸಂಸಾರ ಹೂಡುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ಗೂಡು ಎಂಬ ಆಡಂಬರವಿಲ್ಲ; ನೆಲ ಕೆರೆದರೆ ಮುಗಿಯಿತು. ಮೊಟ್ಟೆಗೂ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣದು. ಬಿಸಿಲು ಏರಿದಾಗ ತಾಯಿ ತಂದೆ ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯನ್ನು ತಂಪಾಗಿಸುತ್ತವೆ. ನೀರು ಏರಿದರೆ ಮೊಟ್ಟೆ ತೇಲಿಹೋಗುತ್ತದೆ. ತೀರಾ ಇಳಿದರೆ ದ್ವೀಪ ದಡಕ್ಕೆ ಸೇರಿ ನರಿಗೆ ದಾರಿಯಾಗುತ್ತದೆ. ಒಟ್ಟಿನಲ್ಲಿ ಈ ಹಕ್ಕಿಗಳ ಸೈಟಿನ ಅಳತೆ ನಿಗದಿಯಾಗುವುದು ಶಿವಮೊಗ್ಗದ ಕಾಡಾ (ಅಚ್ಚುಕಟ್ಟು ಪ್ರಾಧಿಕಾರ) ಸಭೆಯಲ್ಲಿ, ನಾಲೆಯ ಕೊನೇಭಾಗದ ರೈತರಿಗೆ ಎಷ್ಟು ದಿನ ನೀರು ಎಂಬ ಜಗಳದ ನಡುವೆ. ಆ ಸಭೆಯಲ್ಲಿ ರೀವಗಳ ಪರವಾಗಿ ಯಾರೂ ಮೈಕು ಹಿಡಿದದ್ದನ್ನು ಕೇಳಿಲ್ಲ.

ಜಗತ್ತಿನಲ್ಲೇ ಅಳಿವಿನಂಚಿನತ್ತ ಸರಿಯುತ್ತಿರುವ ಹಕ್ಕಿಯೊಂದು ಹೀಗೆ ಕಣ್ಣೆದುರೇ, ಹಗಲು ಹೊತ್ತಿನಲ್ಲೇ, ಕಿವಿ ಗಡಚಿಕ್ಕುವಂತೆ ಕೂಗುತ್ತ ನಿಂತಿರುವಾಗ ದೋಣಿಯಲ್ಲಿ ಏಳುವ ಪ್ರಶ್ನೆ ಎರಡೇ. ಸಂಸಾರಸ್ಥರದು: “ಇಲ್ಲಿ ಮೊಸಳೆ ಇದೆಯಾ? ಹುಲಿ ನೀರು ಕುಡಿಯೋಕೆ ಎಷ್ಟು ಗಂಟೆಗೆ ಬರುತ್ತೆ?” ಕ್ಯಾಮೆರಾಸ್ಥರದು ಬೇರೆ. ಅವರಿಗೆ ರೀವ ಬೇಕು. ಆದರೆ ಎಲ್ಲ ರೀವವೂ ಬೇಡ. ಗಂಡು ಹಕ್ಕಿ ಮೀನು ತಂದು ಹೆಣ್ಣಿನ ಬಾಯಿಗೆ ಕೊಡುವ ಆ ಒಂದು ಗಳಿಗೆ ಬೇಕು. ಮಾಂಗಲ್ಯಧಾರಣೆಯ ಹೊತ್ತಿಗೆ ಮದುಮಕ್ಕಳನ್ನು ಮುಚ್ಚಿಬಿಡುವ ವಿಡಿಯೊದವರ ಹಾಗೆ, ಕೊಳಗದಷ್ಟು ದಪ್ಪದ ಲೆನ್ಸುಗಳು ಒಂದೇ ಜೋಡಿಗೆ ಮುಖ ಮಾಡುತ್ತವೆ. ಹಿಂದಿನ ವರ್ಷ ಅದೇ ಚಿತ್ರ ತೆಗೆದವರೂ ಇರುತ್ತಾರೆ, ಅದರ ಹಿಂದಿನ ವರ್ಷದವರೂ. ಮೀನಿನ ಬೆಳ್ಳಿಬಣ್ಣ ಸರಿಯಾಗಿ ಬರಲಿಲ್ಲವೆಂದು ಮತ್ತೆ ಬಂದಿರುತ್ತಾರೆ. “ಸ್ವಲ್ಪ ಹತ್ತಿರ ಬಿಡಪ್ಪ” ಎಂದು ದೋಣಿಯವನ ಕೈಗೆ ನೋಟು ತುರುಕಲು ನೋಡುವವರೂ ಅವರಲ್ಲೇ. ದೋಣಿ ತೀರಾ ಹತ್ತಿರ ಹೋದರೆ ಹಕ್ಕಿ ಎದ್ದುಬಿಡುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಮೇಲೆ ಸುತ್ತುವ ಹದ್ದಿಗೆ ಊಟವಾಗುತ್ತದೆ. ಆ ಚಿತ್ರದ ಕೆಳಗೂ ‘ನಿಸರ್ಗವನ್ನು ಉಳಿಸಿ’ ಎಂದು ಬರೆಯಬಹುದು, ತಡೆಯೇನಿಲ್ಲ.

ಕಳಸ-ಹೊರನಾಡು ಕಡೆಯ ಜೀಪ್ ಸವಾರಿಯಲ್ಲಿ ವನ್ಯಜೀವಿಯ ಸೋಗೂ ಇಲ್ಲ. ಕ್ಯಾತನಮಕ್ಕಿಗೆ ಹತ್ತುವ ಏರಿನಲ್ಲಿ ಮುಂದಿನ ಜೀಪಿನ ಧೂಳು ಹಿಂದಿನವರ ಬಾಯಿಗೆ, ತುದಿ ಮುಟ್ಟಿ ಹಿಂದಿನವರು ಕೇಳುವುದು, “ಇಷ್ಟೇನಾ?” ಪಕ್ಕದ ಕುದುರೆಮುಖದಲ್ಲಿ ಅದಿರು ತೆಗೆಯುವುದನ್ನು ಸುಪ್ರೀಂ ಕೋರ್ಟು 2005ರ ಕೊನೆಗೆ ನಿಲ್ಲಿಸಿತು. ಈಗ ಸುತ್ತಲಿನ ಗುಡ್ಡಗಳಿಂದ ತೆಗೆಯುತ್ತಿರುವುದು ವ್ಯೂ ಪಾಯಿಂಟು. ಅದಕ್ಕೆ ರಾಯಧನ ಇಲ್ಲ.

ಮೂಡಿಗೆರೆಗೆ ಬಂದವರು ತೇಜಸ್ವಿಯವರನ್ನು ವಿಚಾರಿಸದೆ ಹೋಗುವುದಿಲ್ಲ. ಅವರ ಕಾದಂಬರಿ ‘ಕರ್ವಾಲೊ’ 1980ರಲ್ಲಿ ಬಂತು. ಒಂದು ಹಾರುವ ಓತಿಯ ಬೆನ್ನು ಹತ್ತಿ ಒಂದು ಗುಂಪು ಕಾಡು ಹೊಕ್ಕ ಕಥೆ. ಓದಿದವರು, ಓದಿದಂತೆ ಮಾಡುವವರು ಎಲ್ಲರೂ, “ಆ ಓತಿ ಈಗ ಎಲ್ಲಿ ಸಿಗುತ್ತೆ?” ಎಂದು ಕೇಳುತ್ತಾರೆ. ಎಲ್ಲಿ ಸಿಗುತ್ತದೆ? ಹೋಂಸ್ಟೇ ಹಿಂದಿನ ಅಡಿಕೆ ಮರದ ಮೇಲೆ. ತೊಗಟೆಯ ಬಣ್ಣದಲ್ಲೇ ಅಂಟಿಕೊಂಡು, ಗಂಟಲ ಕೆಳಗಿನ ಹಳದಿ ಬಾವುಟವನ್ನು ಆಗಾಗ ಬಿಚ್ಚಿ ಮಡಿಸುತ್ತ, ಮನಸ್ಸು ಬಂದಾಗ ಪಕ್ಕೆಯ ಚರ್ಮ ಹರಡಿ ಆಚೆ ಮರಕ್ಕೆ ತೇಲಿಬಿಡುತ್ತದೆ. ಕತ್ತೆತ್ತಿ ಕಾಲು ಗಂಟೆ ಸುಮ್ಮನೆ ನಿಂತರೆ ಪುಕ್ಕಟೆ ಕಾಣಬಹುದು. ಆ ಕಾಲು ಗಂಟೆ ಯಾವ ಪ್ಯಾಕೇಜಿನಲ್ಲೂ ಇಲ್ಲ. ನಿಂತರೂ ಕೇಳಿಸುವುದು ಸ್ವಿಮ್ಮಿಂಗ್ ಪೂಲಿನ ಸ್ಪೀಕರು.

ಇಷ್ಟೆಲ್ಲ ಕಷ್ಟಪಟ್ಟು ಬಂದವರಿಗೆ ಕಾಣದ ಕಾಡುಪ್ರಾಣಿ ಇಲ್ಲಿಯವರಿಗೆ ಬೇಡವೆಂದರೂ ಕಾಣುತ್ತದೆ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಬೆಳಗಾಗುತ್ತಿದ್ದಂತೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ವಾಟ್ಸ್‌ಆ್ಯಪ್ ಗ್ರೂಪಿಗೆ ಸಂದೇಶ ಹಾಕುತ್ತಾರೆ: ಇಂಥ ಊರು, ಇಂಥ ತೋಟ, ಇಷ್ಟು ಆನೆ, ಯಾರೂ ಒಳಗೆ ಹೋಗಬೇಡಿ. ಬೀಟಮ್ಮ ಎಂಬ ಹೆಣ್ಣಾನೆಯ ಗುಂಪು ಯಾವ ದಿಕ್ಕಿಗೆ ಹೊರಟಿದೆ ಎಂಬುದು ಇಲ್ಲಿಯ ಮಕ್ಕಳಿಗೆ ಶಾಲೆಯ ಬಸ್ಸಿನ ವೇಳೆಗಿಂತ ಚೆನ್ನಾಗಿ ಗೊತ್ತು. ಬೈನೆ ಮರ ಸೀಳುತ್ತವೆ, ಕಾಫಿ ಗಿಡ ಮುರಿಯುತ್ತವೆ, ಏಪ್ರಿಲ್ ಬಂದರೆ ಹಲಸಿಗೆ ಬರುತ್ತವೆ. ಅದಕ್ಕೇ ತೋಟದವರು ಹಲಸನ್ನು ಎಳತರಲ್ಲೇ ಕಡಿದು ಹಾಕಿಸುತ್ತಾರೆ. ಅದೇ ತೋಟದ ಹೋಂಸ್ಟೇಯಲ್ಲಿ ಹಲಸಿನ ಹಣ್ಣಿನ ಕಡುಬು ಸ್ಪೆಷಲ್. ಆನೆ ಇದ್ದ ದಿನ ಕೂಲಿ ಲೈನಿನ ಹೆಂಗಸರು ಕೆಲಸಕ್ಕೆ ಇಳಿಯುವಂತಿಲ್ಲ, ಸಂಬಳವೂ ಇಲ್ಲ. ಕೆಲಸಕ್ಕೆ ಹೋದವರಲ್ಲಿ ಕೆಲವರು ವಾಪಸ್ ಬಂದಿಲ್ಲ. ಅವರ ಮನೆಯವರಿಗೆ ಪರಿಹಾರದ ಚೆಕ್ಕು ಬಂದಿದೆ.

ಒಂದು ಭಾನುವಾರ ಬೆಳಿಗ್ಗೆ, ನನ್ನ ಪರಿಚಯದವರ ಹೋಂಸ್ಟೇಯಲ್ಲಿ ಅತಿಥಿಯೊಬ್ಬರು ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಎರಡು ಸಫಾರಿ ಮುಗಿಸಿ ಎರಡರಲ್ಲೂ ನಿನ್ನೆಯ ಹುಲಿಯನ್ನು ಕೇಳಿ ಬಂದವರು. ತೋಟದ ರೈಟ್ರು ಫೋನು ಹಿಡಿದು ಅಂಗಳಕ್ಕೆ ಬಂದು, “ಮೇಲಿನ ಬ್ಲಾಕಿಗೆ ಇವತ್ತು ಆಳು ಬಿಡೋದು ಬೇಡ ಅಂತೆ, ಆರು ಆನೆ ನಿಂತಿದೆ” ಎಂದರು. ಅತಿಥಿಯ ಕೈಯಿಂದ ರೊಟ್ಟಿ ಜಾರಿತು.

“ಆರಾ? ಇಲ್ಲೇನಾ? ನಮಗ್ಯಾಕೆ ಯಾರೂ ಹೇಳಲಿಲ್ಲ? ನನ್ನನ್ನೂ ಆ ಗ್ರೂಪಿಗೆ ಸೇರಿಸಿ ಪ್ಲೀಸ್.”

“ಅದು ನೋಡೋರ ಗ್ರೂಪಲ್ಲ ಸಾರ್, ತಪ್ಪಿಸ್ಕೊಳ್ಳೋರ ಗ್ರೂಪು,” ಎಂದರು ರೈಟ್ರು. “ಅದ್ರಲ್ಲಿ ಇರ್ಬೇಕಂದ್ರೆ ಇಲ್ಲೇ ತೋಟ ಇರ್ಬೇಕು ಮಾರಾಯ್ರೆ.”

ಅತಿಥಿ ಒಂದು ಕ್ಷಣ ಯೋಚಿಸಿದರು.

“ಎಕರೆಗೆ ಎಷ್ಟಾಗುತ್ತೆ?”

ರೈಟ್ರು ಬಾಯಿ ತೆರೆಯುವಷ್ಟರಲ್ಲಿ ಅತಿಥಿಯ ಸಫಾರಿ ಗೈಡು ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಮೂರು ಪಾರ್ಟಿ ಕೈಯಲ್ಲಿವೆ, ನೀರಿನ ಅನುಕೂಲ ಇದೆ, ಕಾಗದಪತ್ರ ಕ್ಲಿಯರ್, ಕಮಿಷನ್ ಎರಡು ಪರ್ಸೆಂಟ್. ಆನೆ ಬಗ್ಗೆ ಕೇಳಿದ್ದಕ್ಕೆ ಮಾತ್ರ, ಯಾವ ಅನುಮಾನವೂ ಇಲ್ಲದೆ, “ಗ್ಯಾರಂಟಿ ಸಾರ್” ಎಂದ.